ರೊಸಾರಿಯೊದ ಕಲ್ಲನ್ನು ಓದುವ ಬಗೆ

ಮಂಗಳೂರಿನ ರೊಸಾರಿಯೊ ಕೆಥೆಡ್ರಲ್‌ಗೆ ಹೋದವರ ಕಣ್ಣು ಮೊದಲು ನಿಲ್ಲುವುದು ಅದರ ಗುಮ್ಮಟದ ಮೇಲೆ. 1910ರ ದಶಕದಲ್ಲಿ ಎದ್ದ ಈ ಕಟ್ಟಡದ ಗುಮ್ಮಟ ನಗರದ ಬೇರೆ ಇಗರ್ಜಿಗಳಿಂದ ಅದನ್ನು ಬೇರೆಯಾಗಿಸಿದೆ. ಆದರೆ ಬಾಗಿಲ ಬಳಿ ಉಳಿಸಿಟ್ಟಿರುವ ಒಂದು ಹಳೆಯ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಪೋರ್ಚುಗಲ್ ಅರಸರ ಲಾಂಛನವಿರುವ ಆ ಕಲ್ಲು 1568ರಲ್ಲಿ ಇಲ್ಲಿ ನೆಲೆಗೊಂಡ ಮೊದಲ ಇಗರ್ಜಿಗೆ ಸೇರಿದ್ದು. ಆ ಇಗರ್ಜಿ ಈಗಿಲ್ಲ. ಅದರ ಜಾಗದಲ್ಲಿ 1813ರಲ್ಲಿ ಮತ್ತೆ ಕಟ್ಟಿದ್ದೂ ಇಲ್ಲ. ಎರಡು ಕಟ್ಟಡಗಳು ಹೋದ ಮೇಲೂ ಕಲ್ಲು ಉಳಿದಿದೆ.

ಕತೆ, ಕಾದಂಬರಿ, ಕವಿತೆಗಳನ್ನು ವಿಮರ್ಶಿಸುವ ನಾವು ಕಲ್ಲನ್ನು ವಿಮರ್ಶೆಯ ವಸ್ತುವೆಂದು ಎಣಿಸುವುದಿಲ್ಲ. ಅದು ಪುರಾತತ್ವದವರ ಪಾಲಿಗೆ ಬಿಟ್ಟ ಸಂಗತಿ. ಆದರೆ ನಮ್ಮ ಕರಾವಳಿಯಲ್ಲಿ ಈಗ ಕತೆಗಳಿಗಿಂತ ಹೆಚ್ಚಾಗಿ ಕಲ್ಲು, ಕಂಬ, ತೊಲೆಗಳನ್ನೇ ಜನ ಓದುತ್ತಿದ್ದಾರೆ. ಓದಿ ಜಗಳಕ್ಕೂ ಇಳಿಯುತ್ತಿದ್ದಾರೆ. ಹಾಗಿರುವಾಗ ಈ ಓದು ಸರಿಯಾಗಿದೆಯೇ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಹೌದು.

ಮೊದಲು ಕಲ್ಲಿನ ಮೇಲಿನ ಗುರುತನ್ನೇ ನೋಡೋಣ. ಪೋರ್ಚುಗಲ್ ಲಾಂಛನದ ನಡುವೆ ಶಿಲುಬೆಯಾಕಾರದಲ್ಲಿ ಜೋಡಿಸಿದ ಐದು ಪುಟ್ಟ ಗುರಾಣಿಗಳಿರುತ್ತವೆ. ಪ್ರತಿ ಗುರಾಣಿಯಲ್ಲಿ ಐದು ಚುಕ್ಕೆಗಳು, ಸುತ್ತಲಿನ ಅಂಚಿನಲ್ಲಿ ಕೋಟೆಗಳು. 1139ರ ಔರೀಕ್ ಕದನದಲ್ಲಿ ಅಫೋನ್ಸು ಹೆನ್ರಿಕ್ ಸೋಲಿಸಿದ ಐವರು ಮುಸ್ಲಿಂ ಅರಸರ ನೆನಪು ಈ ಐದು ಗುರಾಣಿಗಳು ಎಂಬುದು ಆ ನಾಡಿನ ಐತಿಹ್ಯ. ಅಂಚಿನ ಕೋಟೆಗಳು ಅಲ್ಗಾರ್ವ್ ಪ್ರಾಂತದಲ್ಲಿ ಮುಸ್ಲಿಮರಿಂದ ಗೆದ್ದವು ಎಂದೂ ಅಲ್ಲಿಯ ಪರಂಪರೆ ಹೇಳುತ್ತದೆ. ಅಂದರೆ ಯೂರೋಪಿನ ಒಂದು ಮೂಲೆಯಲ್ಲಿ ನಡೆದ ಹಳೆಯ ಯುದ್ಧದ ಗೆಲುವನ್ನು ಹೊತ್ತ ಗುರುತು ಹಡಗೇರಿ ನೇತ್ರಾವತಿಯ ದಡಕ್ಕೆ ಬಂದಿದೆ.

ಬಂದ ರೀತಿಯೂ ಮೆತ್ತಗಿನದಲ್ಲ. 1568ರಲ್ಲಿ ವೈಸರಾಯ್ ಅಂತಾವ್ ದೆ ನೊರೊನ್ಹಾ ಉಳ್ಳಾಲದ ರಾಣಿಯ ವಿರುದ್ಧ ದಂಡೆತ್ತಿ ಬಂದು ಮಂಗಳೂರಿನಲ್ಲಿ ಸೈಂಟ್ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿಸಿದ. ಅದೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಅರಬಿಯಲ್ಲಿ ಬರೆದ 'ತುಹ್ಫತುಲ್ ಮುಜಾಹಿದೀನ್' ಪೋರ್ಚುಗೀಸರು ಸುಟ್ಟ ಮಸೀದಿಗಳನ್ನೂ ಕೊಳ್ಳೆ ಹೊಡೆದ ಹಡಗುಗಳನ್ನೂ ಲೆಕ್ಕ ಇಡುತ್ತದೆ. ಕರಾವಳಿಯ ಮೊದಲ ಮಸೀದಿಗಳ ಪಟ್ಟಿಯಲ್ಲಿ ನಮ್ಮ ಮಂಗಳೂರಿನ ಹೆಸರೂ ಆ ಗ್ರಂಥದಲ್ಲಿದೆ. ಇದನ್ನೆಲ್ಲ ಓದಿಕೊಂಡ ಮುಸ್ಲಿಮನೊಬ್ಬ ಆ ಕಲ್ಲಿನ ಮುಂದೆ ನಿಂತರೆ ಎದೆಯಲ್ಲಿ ಮೊದಲು ಹುಟ್ಟುವುದು ಮುನಿಸು. ನಮಗೂ ಹಾಗೆಯೇ ಆಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೆ ಮುನಿಸು ಯಾರ ಮೇಲೆ? ಕಲ್ಲು ದೊರೆಯದು. ಅದರ ಮುಂದಿನ ಬೆಂಚುಗಳಲ್ಲಿ ಕುಳಿತು ಪ್ರಾರ್ಥಿಸುವವರು ದೊರೆಯ ಮಕ್ಕಳಲ್ಲ. ನಮ್ಮ ಜಿಲ್ಲೆಯ ಕೊಂಕಣಿ ಕ್ರೈಸ್ತರ ಹಿರಿಯರಲ್ಲಿ ಬಹುಪಾಲು ಜನ ಗೋವೆಯಿಂದ ಬಂದವರು. ಬರ, ಯುದ್ಧ, ತೆರಿಗೆ ಅವರನ್ನು ಓಡಿಸಿದ್ದುಂಟು. 1560ರಲ್ಲಿ ಪೋರ್ಚುಗೀಸರೇ ಗೋವೆಯಲ್ಲಿ ಸ್ಥಾಪಿಸಿದ ಇನ್‌ಕ್ವಿಸಿಶನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯದ ಭಯವೂ ಓಡಿಸಿತು. ತಮ್ಮ ನುಡಿ, ಉಡುಗೆ, ಮದುವೆಯ ಶಾಸ್ತ್ರಗಳನ್ನು ಬಿಡಲೊಲ್ಲದೆ ತೆಂಕಣಕ್ಕೆ ಬಂದ ಈ ಜನಕ್ಕೆ ನೆಲ ಕೊಟ್ಟವರು ಇಲ್ಲಿಯ ಅರಸರು. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಂದ ಸ್ಥಾಪನೆಯಾಯಿತು. ಅದರ ಜಾಗ ಕೆಳದಿಯ ರಾಣಿ ಚೆನ್ನಮ್ಮನ ಕೊಡುಗೆ. ಲಿಂಗವಂತ ರಾಣಿಯ ನೆಲದಲ್ಲಿ ಗೋವೆಯ ಬಿಷಪರ ಇಗರ್ಜಿ ಎದ್ದದ್ದು ಕೂಡ ಇದೇ ಊರಿನ ಚರಿತ್ರೆ.

ಲಾಂಛನವನ್ನೂ ಅದರ ಕೆಳಗೆ ಮೊಣಕಾಲೂರಿದವರನ್ನೂ ಒಂದೇ ಎಂದು ತಿಳಿಯುವುದು ತಪ್ಪು ಓದು. ಆ ತಪ್ಪನ್ನು ಒಮ್ಮೆ ರಾಜ್ಯಶಕ್ತಿಯೇ ಮಾಡಿತು. ಅದನ್ನು ಮಾಡಿದವರು ನಾವು ಪ್ರೀತಿಯಿಂದ ನೆನೆಯುವ ಟಿಪ್ಪು ಸುಲ್ತಾನರು.

1783ರಲ್ಲಿ ಜನರಲ್ ಮ್ಯಾಥ್ಯೂಸ್ ಮಂಗಳೂರನ್ನು ಹಿಡಿದ. ಟಿಪ್ಪು ದೀರ್ಘ ಮುತ್ತಿಗೆ ಹಾಕಿ 1784ರ ಜನವರಿ ಕೊನೆಗೆ ಕೋಟೆಯನ್ನು ಮರಳಿ ಪಡೆದರು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಹತ್ತಾರು ಸಾವಿರ ಜನ ಮನೆ, ಗದ್ದೆ ಬಿಟ್ಟು ನಡೆದರು. ಅನೇಕರು ದಾರಿಯಲ್ಲೇ ಸತ್ತರು. ಬದುಕುಳಿದವರಲ್ಲಿ ಹಲವರು 1799ರ ನಂತರವಷ್ಟೇ ಮರಳಿದರು. 27 ಇಗರ್ಜಿಗಳು ನೆಲಸಮವಾದವೆಂದು ಆ ಸಮುದಾಯದ ಚರಿತ್ರೆ ಹೇಳುತ್ತದೆ. ರೊಸಾರಿಯೊ, ಮಿಲಾಗ್ರಿಸ್ ಎರಡೂ ಅವುಗಳಲ್ಲಿ ಸೇರಿವೆ. ಮೂಡಬಿದಿರೆಯ ಹೊಸಪೇಟೆ ಇಗರ್ಜಿ ಚೌಟ ಅರಸನ ಮಾತಿನಿಂದ ಉಳಿಯಿತೆಂದೂ ಅದೇ ಚರಿತ್ರೆ ನೆನೆಯುತ್ತದೆ.

ಈ ವಿಷಯ ಬಂದೊಡನೆ ನಮ್ಮವರ ಬಾಯಿಂದ ಬರುವ ಉತ್ತರಗಳು ನಮಗೆ ಗೊತ್ತು. ಅದು ರಾಜಕೀಯ, ಧರ್ಮವಲ್ಲ. ಟಿಪ್ಪು ಶೃಂಗೇರಿ ಮಠಕ್ಕೆ ನೆರವು ಕೊಟ್ಟಿಲ್ಲವೇ? ಬರೆದವರೆಲ್ಲ ಇಂಗ್ಲಿಷರಲ್ಲವೇ? ಇವುಗಳಲ್ಲಿ ಸತ್ಯದ ಪಾಲಿದೆ. 1791ರಲ್ಲಿ ಮರಾಠಾ ಪಡೆ ಕೊಳ್ಳೆ ಹೊಡೆದ ಶೃಂಗೇರಿಗೆ ಟಿಪ್ಪು ಬರೆದ ಪತ್ರಗಳು ಕನ್ನಡದಲ್ಲೇ ಇವೆ. ಇಂಗ್ಲಿಷರು ಅವರನ್ನು ರಾಕ್ಷಸನಂತೆ ಚಿತ್ರಿಸಿದ್ದೂ ನಿಜ. ಆದರೆ ಶೃಂಗೇರಿಯ ಪತ್ರ ಮಂಗಳೂರಿನ ತಾಯಿಯೊಬ್ಬಳಿಗೆ ಹೇಗೆ ಉತ್ತರವಾದೀತು? ಕೆಲವು ಗಂಡಸರು ಇಂಗ್ಲಿಷರ ಪಾಳೆಯಕ್ಕೆ ಅಕ್ಕಿ ಹೊತ್ತಿರಬಹುದು. ಅವಳ ಕಂಕುಳಲ್ಲಿದ್ದ ಕೂಸು ಯಾರಿಗೆ ಅಕ್ಕಿ ಕೊಟ್ಟಿತ್ತು? ಒಬ್ಬನ ತಪ್ಪಿಗೆ ಅವನ ಇಡೀ ಜಾತಿಯನ್ನು ಹೊಣೆ ಮಾಡುವುದು ಅನ್ಯಾಯವೆಂದು ಇಂದು ನಮ್ಮ ಬಗ್ಗೆ ನಾವು ದಿನವೂ ವಾದಿಸುತ್ತೇವೆ. ಆ ವಾದಕ್ಕೆ ಬೆಲೆ ಬರಬೇಕಾದರೆ ಅದು 1784ಕ್ಕೂ ಅನ್ವಯಿಸಬೇಕು.

ಸರಕಾರದ ಟಿಪ್ಪು ಜಯಂತಿ 2015ರಲ್ಲಿ ಆರಂಭವಾಗಿ 2019ರಲ್ಲಿ ನಿಂತಿತು. ಆ ವರ್ಷಗಳಲ್ಲಿ ಟಿಪ್ಪು ಪರ, ಟಿಪ್ಪು ವಿರೋಧ ಎಂಬ ಎರಡೇ ಸಾಲುಗಳಿದ್ದವು. ಇಂಗ್ಲಿಷರ ಎದುರು ಕಾದಾಡಿ ಸತ್ತ ದೊರೆಯನ್ನು ಗೌರವಿಸುತ್ತಲೇ ಅವರಿಂದ ನೊಂದವರ ಮುಂದೆ ತಲೆ ತಗ್ಗಿಸುವ ಮೂರನೆಯ ಸಾಲನ್ನು ಕಟ್ಟಲು ನಮ್ಮಿಂದ ಆಗಲಿಲ್ಲ. ಅದು ನಮ್ಮ ಲೇಖಕರ ಸೋಲು. ನಾವೂ ಅದರಲ್ಲಿದ್ದೇವೆ.

ಉರ್ದು ಶಾಲೆಯಲ್ಲಿ ಕಲಿತ ನಮಗೆ ಇಬ್ರತ್ ಎಂಬ ಮಾತು ಗೊತ್ತು. ಪಾಳುಬಿದ್ದದ್ದನ್ನು ಕಂಡು ತನ್ನನ್ನೇ ತಿದ್ದಿಕೊಳ್ಳುವ ಪಾಠ ಎಂದು ಅದರ ಅರ್ಥ. ಸರ್ ಸಯ್ಯಿದ್ ಅಹ್ಮದ್ ಖಾನರು 1847ರಲ್ಲಿ ದಿಲ್ಲಿಯ ಕಟ್ಟಡಗಳ ಮೇಲೆ 'ಆಸಾರುಸ್ಸನಾದೀದ್' ಪ್ರಕಟಿಸಿದರು. ಕುತುಬ್ ಮಿನಾರಿನ ಎತ್ತರದ ಶಾಸನಗಳನ್ನು ನಕಲು ಮಾಡಲು ಅವರು ಬುಟ್ಟಿಯಲ್ಲಿ ಕುಳಿತು ಮೇಲಕ್ಕೆ ಹೋಗುತ್ತಿದ್ದರಂತೆ. ಅದರ ಬಳಿಯ ಮಸೀದಿಯ ಶಾಸನವೊಂದು 27 ಗುಡಿಗಳ ಸಾಮಗ್ರಿ ಅದಕ್ಕೆ ಬಳಕೆಯಾಯಿತೆಂದು ಹೇಳುತ್ತದೆ. ಸರ್ ಸಯ್ಯಿದರು ಆ ಸಂಗತಿಯನ್ನು ಮರೆಮಾಚಲಿಲ್ಲ. ತನ್ನ ಸಮುದಾಯಕ್ಕೆ ಮುಜುಗರವಾಗುವ ಸಾಲನ್ನೂ ಓದುವವನೇ ಒಳ್ಳೆಯ ಓದುಗ.

ಇನ್ನು ಇಂದಿನ ಮಾತು. 2022ರ ಏಪ್ರಿಲ್‌ನಲ್ಲಿ ಮಂಗಳೂರು ಹೊರವಲಯದ ಮಳಲಿಯ ಮಸೀದಿಯನ್ನು ನವೀಕರಿಸಲು ಮುಂಭಾಗ ಕೆಡವಿದಾಗ ಒಳಗಿನ ಹಳೆಯ ಮರದ ಕಟ್ಟೋಣ ಕಾಣಿಸಿತು. ಇದು ಗುಡಿಯದೇ ಎಂದು ಕೆಲವರು ಎದ್ದರು. ತಾಂಬೂಲ ಪ್ರಶ್ನೆ ನಡೆಯಿತು, ವ್ಯಾಜ್ಯ ಕೋರ್ಟು ಹತ್ತಿತು. ನಮ್ಮ ಕರಾವಳಿಯ ಕಟ್ಟೋಣದ ಅಆಇಈ ತಿಳಿದವರಿಗೆ ಆ ಮರಗೆಲಸ ಹೊಸದಲ್ಲ. ಮಳೆಗೆ ಇಳಿಜಾರು ಮಾಡು, ಗೋಡೆಗೆ ಮುರಕಲ್ಲು, ಒಳಗೆ ಕೆತ್ತಿದ ಕಂಬ. ಬಸದಿ, ಗುತ್ತಿನ ಮನೆ, ಗುಡಿ, ಪಳ್ಳಿ ಎಲ್ಲಕ್ಕೂ ಉಳಿ ಹಿಡಿದದ್ದು ಅದೇ ಆಚಾರಿಗಳ ಕೈ. ಬಂದರಿನ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಕಂಬಗಳನ್ನು ನೋಡಿದರೆ ಸಾಕು. ಮಾಲಿಕ್ ದೀನಾರರ ಕಾಲದಿಂದ ಬಂದದ್ದೆಂಬ ಐತಿಹ್ಯವಿರುವ ಆ ಪಳ್ಳಿಯನ್ನು ನವೀಕರಿಸಿ ಮಗಳ ಹೆಸರಿಟ್ಟವರು ಟಿಪ್ಪು ಎಂದು ಹೇಳಿಕೆ. ಒಂದೇ ಊರು, ಒಬ್ಬನೇ ದೊರೆ. ಒಂದು ಬೀದಿಯಲ್ಲಿ ಕಟ್ಟಿದವರಾಗಿ, ಇನ್ನೊಂದು ಬೀದಿಯಲ್ಲಿ ಕೆಡವಿದವರಾಗಿ ನೆನಪಿದ್ದಾರೆ.

ಕಲ್ಲು, ಮರಗಳನ್ನು ಆಸ್ತಿಪತ್ರದಂತೆ ಓದುವ ಈ ಚಾಳಿಯ ಪಕ್ಕದಲ್ಲಿ ರೊಸಾರಿಯೊದ ಕಲ್ಲನ್ನು ಇಟ್ಟು ನೋಡಬೇಕು. ಅದನ್ನು ಉಳಿಸಿಕೊಂಡವರಿಗೆ ಅದು ನೋವಿನ ಗುರುತೂ ಹೌದು. ಆದರೂ ಅದನ್ನು ಮುಂದಿಟ್ಟು ಅವರು ಯಾರ ಮಸೀದಿಯನ್ನೂ ಕೇಳಿಲ್ಲ. 2008ರ ಸೆಪ್ಟೆಂಬರ್ 14ರಂದು ಮಿಲಾಗ್ರಿಸ್ ಬಳಿಯ ಅಡೋರೇಶನ್ ಮೊನಾಸ್ಟರಿಯ ಮೇಲೆ ದಾಳಿಯಾಗಿ ಶಿಲುಬೆ ಒಡೆದಾಗ ಅವರು ಮತ್ತೊಮ್ಮೆ ನೊಂದರು. ಈ ಸಂಯಮಕ್ಕೆ ನಾವು ಋಣಿಗಳು.

ಒಂದು ಕೊರತೆಯನ್ನೂ ಹೇಳಬೇಕು. ಕಲ್ಲನ್ನು ಉಳಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಅದರ ಕತೆ ಆ ಪ್ಯಾರಿಷಿನವರಲ್ಲೇ ಉಳಿದರೆ ಊರಿಗೆ ದಕ್ಕುವುದಿಲ್ಲ. ದೊರೆಯ ಗರ್ವ, ವಲಸೆ ಬಂದವರ ಬದುಕು, ಚೆನ್ನಮ್ಮನ ಕೊಡುಗೆ, 1784ರ ನಡಿಗೆ, ಎಲ್ಲವನ್ನೂ ಕನ್ನಡದಲ್ಲಿ, ಎಲ್ಲ ಧರ್ಮದ ಮಕ್ಕಳಿಗೂ ಹೇಳಬೇಕು. ನಮ್ಮ ಮದ್ರಸಾದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಏನು ಅಡ್ಡಿ?

ಹೆಚ್ಚಿನ ಕೊರತೆ ನಮ್ಮದೇ. ನಾವು ಚಿಕ್ಕವರಿದ್ದಾಗ ನಮಾಜಿಗೆ ಹೋಗುತ್ತಿದ್ದ ಪಳ್ಳಿಗೆ ಹಂಚಿನ ಮಾಡು, ಮರದ ಕಂಬ, ಬಳ್ಳಿ ಕೆತ್ತಿದ ಬಾಗಿಲು ಇದ್ದವು. ಜನ ಹೆಚ್ಚಿದರು, ಜಾಗ ಸಾಲದಾಯಿತು. ಊರಿನವರು ಹಣ ಕೂಡಿಸಿ ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿದರು. ಕಟ್ಟಿದ್ದು ತಪ್ಪಲ್ಲ. ಆದರೆ ಹಳೆಯ ಬಾಗಿಲು ಗುಜರಿಯವನ ಗಾಡಿ ಏರುವಾಗ ನಾವೂ ಅಲ್ಲೇ ನಿಂತಿದ್ದೆವು, ಬೇಡವೆನ್ನಲಿಲ್ಲ. ಅದನ್ನು ಕೆತ್ತಿದ ಆಚಾರಿಯ ಹೆಸರು ಕೇಳಿಕೊಂಡ ಒಬ್ಬರೂ ಇರಲಿಲ್ಲ. ನಾಳೆ ಯಾರಾದರೂ ಈ ನೆಲದಲ್ಲಿ ನಿಮ್ಮದೇನಿತ್ತು ಎಂದು ಕೇಳಿದರೆ ತೋರಿಸಲು ನಮ್ಮಲ್ಲಿ ಹೊಳೆಯುವ ಟೈಲ್ಸ್ ಮಾತ್ರ ಇದೆ.

ಪಳ್ಳಿ ಕೆಡವುವ ಜಮಾಅತ್‌ಗಳಲ್ಲಿ ನಮ್ಮದೊಂದು ವಿನಂತಿ. ಹೊಸದನ್ನು ಕಟ್ಟಿ. ಆದರೆ ಹಳೆಯ ಒಂದು ಕಂಬವನ್ನೋ ಬಾಗಿಲನ್ನೋ ಹೊಸ ಪಳ್ಳಿಯ ಬಾಗಿಲ ಬಳಿ ನಿಲ್ಲಿಸಿ, ಯಾವಾಗಿನದು, ಯಾರು ಕೆತ್ತಿದ್ದು ಎಂದು ಎರಡು ಸಾಲು ಕನ್ನಡದಲ್ಲಿ ಬರೆಸಿ. ಅದು ಹೇಗಿರಬೇಕೆಂದು ನೋಡಬೇಕಿದ್ದರೆ ರೊಸಾರಿಯೊ ದೂರವಿಲ್ಲ.