ಅಂಗೈ ಅಡ್ಡ ಬಂದಾಗಲೂ ಅಳೆಯಬೇಕು

60 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ವೈಗಿಗ್ ಎಂಬ ವೈಫೈ ಬಗೆಯ ಸಾಧನಗಳ ಆಂಟೆನಾವನ್ನು ಹೊಗಳುವವರು ಮೊದಲು ಹೇಳುವುದು ಅದರ ಗಾತ್ರದ ಬಗ್ಗೆ. ಹೊಗಳಿಕೆ ನ್ಯಾಯವಾದದ್ದೇ. ಅಲ್ಲಿ ತರಂಗಾಂತರ ಬರೀ 5 ಮಿಲಿಮೀಟರ್. ಅದರ ಅರ್ಧದಷ್ಟು ಅಂತರ ಬಿಟ್ಟು ಜೋಡಿಸಿದರೆ ಪ್ಯಾಚ್ ಎಂಬ 16 ಚಪ್ಪಟೆ ಆಂಟೆನಾಗಳು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೂರುತ್ತವೆ. ಈ ಜೋಡಣೆಗೆ ಆರೇ ಎಂದು ಹೆಸರು. ಒಂದೊಂದು ಪ್ಯಾಚ್‌ಗೆ ಹೋಗುವ ಸಿಗ್ನಲ್‌ನ ಫೇಸನ್ನು, ಅಂದರೆ ಅಲೆಯ ಏರಿಳಿತದ ಹಂತವನ್ನು, ಚಿಪ್ ಬೇರೆ ಬೇರೆಯಾಗಿ ಹೊಂದಿಸುತ್ತದೆ; ಯಾವ ಭಾಗವೂ ಅಲುಗದೆ ಕಿರಣ ಬೇಕಾದ ಕಡೆ ತಿರುಗುತ್ತದೆ. ಬಹಳ ಚೆಂದದ ವಿನ್ಯಾಸ.

ಈ ಕಿರಣವಿಲ್ಲದೆ ಗತಿಯೂ ಇಲ್ಲ. ಒಂದೇ ಗೇನ್ (ಶಕ್ತಿಯನ್ನು ಒಂದು ದಿಕ್ಕಿಗೆ ಕೂಡಿಸುವ ಸಾಮರ್ಥ್ಯ) ಇರುವ ಆಂಟೆನಾಗಳನ್ನು ಇಟ್ಟು ಹೋಲಿಸಿದರೆ, 2.4 ಗಿಗಾಹರ್ಟ್ಸ್ ವೈಫೈಗಿಂತ ಇಲ್ಲಿ 28 ಡೆಸಿಬಲ್ ಹೆಚ್ಚು ನಷ್ಟ. ಅಂದರೆ ತಲುಪುವ ಶಕ್ತಿ ಸುಮಾರು ಆರುನೂರರಲ್ಲಿ ಒಂದು ಪಾಲು. ವೈಗಿಗ್‌ನ 2012ರ 802.11ಎಡಿ ಮಾನದಂಡ ಸೆಕೆಂಡಿಗೆ ಸುಮಾರು 7 ಗಿಗಾಬಿಟ್ ವೇಗದ ಮಾತಾಡಿದ್ದು, ಈ ಕೊರತೆಯನ್ನು ಕಿರಣ ತುಂಬಿಕೊಡುತ್ತದೆ ಎಂಬ ಧೈರ್ಯದಿಂದಲೇ.

ನನ್ನ ತಕರಾರು ಅಳತೆಯ ಬಗ್ಗೆ. ಅಲೆಗಳು ಪ್ರತಿಫಲಿಸದಂತೆ ಫೋಮ್ ಹೊದಿಸಿದ ಕೋಣೆಯಲ್ಲಿ, ನೇರ ಎದುರಿನ ದಿಕ್ಕಿನಲ್ಲಿ ಸಿಕ್ಕ ಗರಿಷ್ಠ ಗೇನನ್ನೇ ವಿನ್ಯಾಸದ ಯೋಗ್ಯತೆ ಎಂದು ಮುಂದಿಡುವುದು ರೂಢಿ. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇಂಥದೇ ಮಿಲಿಮೀಟರ್ ಅಲೆಗಳನ್ನು ಹಾರ್ನ್ ಆಂಟೆನಾದಿಂದ ಹಿಡಿದು ಪ್ರಯೋಗ ಮಾಡಿದಾಗ ಉಪಕರಣಗಳು ಮೇಜಿನ ಮೇಲೆ ಎದುರುಬದುರಾಗಿದ್ದವು. ಅಲ್ಲಿ ಆ ಅಳತೆ ಸಾಕು. ಕೈಯಲ್ಲಿ ಹಿಡಿದು ಓಡಾಡುವ ಸಾಧನಕ್ಕೆ ಸಾಲದು. ಕಿರಣವನ್ನು ಪಕ್ಕಕ್ಕೆ 60 ಡಿಗ್ರಿ ಹೊರಳಿಸಿದರೆ ಆದರ್ಶ ಲೆಕ್ಕದಲ್ಲೇ ಗೇನ್ ಅರ್ಧಕ್ಕಿಳಿಯುತ್ತದೆ. ಹಿಂಬದಿಯಲ್ಲಿ ಲೋಹದ ತಳವಿರುವುದರಿಂದ ಆ ಕಡೆಗೆ ಹೆಚ್ಚುಕಡಿಮೆ ಏನೂ ಇಲ್ಲ. ನಡುವೆ ಒಬ್ಬ ಮನುಷ್ಯ ಹಾದುಹೋದರೆ ಸಿಗ್ನಲ್ ನೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಬಹುದು. ಆಗ ಗೋಡೆಗೆ ಬಡಿದು ಬರುವ ದಾರಿ ಹುಡುಕಲು ಸಾಧನ ಮತ್ತೆ ದಿಕ್ಕು ದಿಕ್ಕಿಗೆ ಕಿರಣ ಬೀಸಬೇಕು. ಇರುವ ಒಂದೇ ಆರೇಯನ್ನು ಅಂಗೈ ಮುಚ್ಚಿದ್ದರೆ ಎತ್ತ ಬೀಸಿಯೂ ಉಪಯೋಗ ಅಷ್ಟಕ್ಕಷ್ಟೆ.

ಮಿಲಿಮೀಟರ್ ಅಲೆಯ 5ಜಿ ಫೋನುಗಳ ಮಾನದಂಡ ಈ ವಿಷಯದಲ್ಲಿ ಮೇಲು. ಗರಿಷ್ಠ ದಿಕ್ಕಿನ ಶಕ್ತಿಯ ಜೊತೆಗೆ, ಸುತ್ತಲಿನ ಗೋಳದ ಅರ್ಧ ಭಾಗದಲ್ಲಾದರೂ ಇಷ್ಟು ಶಕ್ತಿ ಇರಲೇಬೇಕೆಂದು ಅದು ಕಡ್ಡಾಯ ಮಾಡುತ್ತದೆ. ಆ ಷರತ್ತು ಪೂರೈಸಲು ತಯಾರಕರು ಫೋನಿನ ಬೇರೆ ಬೇರೆ ಅಂಚುಗಳಲ್ಲಿ ಒಂದಕ್ಕಿಂತ ಹೆಚ್ಚು ಆರೇ ಕೂರಿಸುತ್ತಾರೆ. ಖರ್ಚು ಹೆಚ್ಚುತ್ತದೆ, ಬ್ಯಾಟರಿಯ ಜಾಗ ಕಡಿಮೆಯಾಗುತ್ತದೆ. ಆದರೂ 60 ಗಿಗಾಹರ್ಟ್ಸ್‌ನ ಕೈಸಾಧನಗಳಿಗೆ ಇದೇ ಷರತ್ತು ಬೇಕು. ಗೇನ್ ಎರಡು ಡೆಸಿಬಲ್ ಕಡಿಮೆಯಾದರೂ ಸರಿ, ಎರಡು ಅಂಚಿನಿಂದ ನೋಡಬಲ್ಲ ವಿನ್ಯಾಸಕ್ಕೇ ನನ್ನ ಮತ.