ಮುಖ ಮಾರಿಯೋದು, ಮೈ ಇನ್ನೊಬ್ಬರದು

ಕೊಟ್ಟೂರು ಜಾತ್ರೆಯಿಂದ ಅಣ್ಣ ತಂದಿದ್ದ ವಿಡಿಯೋ ಗೇಮಿನ ಹಳದಿ ಕ್ಯಾಸೆಟ್ಟಿನ ಮೇಲೆ ಕೆಂಪು ಟೋಪಿ, ದಪ್ಪ ಮೀಸೆಯ ಮಾರಿಯೋ ಇದ್ದ. ಪಕ್ಕದಲ್ಲಿ 16 ಎಂಬ ಅಂಕಿ. ಅಲ್ಲಿಯವರೆಗೆ ನಾವು ಆಡಿದ್ದು ಮೊದಲನೇ ಮಾರಿಯೋ ಒಂದೇ. ನಡುವಿನ ಹದಿನಾಲ್ಕು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ. ಅಂಕಿ ದೊಡ್ಡದಾದಷ್ಟೂ ಆಟ ದೊಡ್ಡದು ಎಂಬುದು ನಮ್ಮ ಲೆಕ್ಕ.

ಕಾನಹೊಸಹಳ್ಳಿಯ ಬೇಸಿಗೆ ಮಧ್ಯಾಹ್ನ ಅದು. ಹೆದ್ದಾರಿಗೆ ಆಗ 13ರ ನಂಬರು, ಈಗಿನ 50 ಅಲ್ಲ. ಚಿತ್ರದುರ್ಗದ ಕಡೆಗೂ ಹೊಸಪೇಟೆ ಕಡೆಗೂ ಓಡುವ ಲಾರಿಗಳ ಸದ್ದು ಬಿಟ್ಟರೆ ಊರಿಗೆ ಊರೇ ಮಲಗಿರುತ್ತಿತ್ತು. ನಾವು ಐದಾರು ಹುಡುಗರು ಕಡಪ ಕಲ್ಲಿನ ನೆಲದ ಮೇಲೆ, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಿರುತ್ತಿದ್ದೆವು. ಅಡಾಪ್ಟರ್ ಕಾದರೆ ಆಟ ನಿಲ್ಲಿಸಿ ಅದಕ್ಕೆ ರಟ್ಟಿನಿಂದ ಗಾಳಿ ಹಾಕಬೇಕು. ಚಿತ್ರ ಗೆರೆಗೆರೆಯಾದರೆ ಕ್ಯಾಸೆಟ್ ಕಿತ್ತು ಊದಬೇಕು. "ಲೇ, ಉಗುಳು ಹಾರಿಸಬ್ಯಾಡ, ಬರೇ ಗಾಳಿ ಊದಲೇ" ಎಂದು ಅಣ್ಣ ಬೈಯುತ್ತಿದ್ದ. ಆಟ ಸರಿಹೋಗುತ್ತಿದ್ದುದು ಊದಿದ್ದಕ್ಕಲ್ಲ, ಕಿತ್ತು ಮತ್ತೆ ಕೂರಿಸಿದಾಗ ಒಳಗಿನ ತಗಡಿನ ಹಲ್ಲುಗಳು ನೆಟ್ಟಗೆ ಕಚ್ಚಿಕೊಳ್ಳುತ್ತಿದ್ದುದಕ್ಕೆ ಎಂದು ದೊಡ್ಡವನಾದ ಮೇಲೆ ತಿಳಿಯಿತು. ತಿಳಿದು ಏನು ಬಂತು? ಇವತ್ತಿಗೂ ಕ್ಯಾಸೆಟ್ ಕಂಡರೆ ತುಟಿ ತಾನಾಗಿ ಮುಂದೆ ಬರುತ್ತದೆ.

ಹದಿನಾರನೇ ಮಾರಿಯೋ ತೆರೆಯ ಮೇಲೆ ಬಂದ. ಮುಖ ಅವನದೇ. ಆದರೆ ಅಣಬೆಯಿಲ್ಲ, ಹಸಿರು ಕೊಳವೆಯಿಲ್ಲ, ತಲೆಯಿಂದ ಗುದ್ದಿ ನಾಣ್ಯ ಉದುರಿಸುವ ಪ್ರಶ್ನೆ ಗುರುತಿನ ಪೆಟ್ಟಿಗೆಯಿಲ್ಲ. ಇರುವುದು ಶಿಲಾಯುಗದ ಕಾಡು, ಡೈನೋಸಾರುಗಳು. ಗುಂಡಿ ಒತ್ತಿದರೆ ನಮ್ಮ ಬೆರಳಿಗೆ ಗೊತ್ತಿದ್ದ ಆ ಜಿಗಿತವೂ ಬರಲಿಲ್ಲ. ಅಣ್ಣ ರಿಮೋಟ್ ಕೆಳಗಿಟ್ಟು ತೀರ್ಪು ಕೊಟ್ಟ: "ಇವ ಮಾರಿಯೋ ಅಲ್ಲಲೇ. ಯಾವನೋ ಮಾರಿಯೋನ ವೇಷ ಹಾಕ್ಯಾನ."

ಬಯಲಾಟದ ಸೀಮೆಯ ಹುಡುಗ ಹೇಳಬಹುದಾದ ಮಾತು, ಮತ್ತು ಅಕ್ಷರಶಃ ನಿಜವಾದ ಮಾತು. ಆ ಆಟದ ಅಸಲಿ ಹೆಸರು 'ಜೋ ಅಂಡ್ ಮ್ಯಾಕ್', ಅದರ ನಾಯಕ ಒಬ್ಬ ಗುಹಾಮಾನವ. 'ಮಾರಿಯೋ 14' ಎಂದು ಬಂದದ್ದು ಯಾಂಚಮಾರು ಎಂಬ ಜಪಾನಿ ಆಟದ ಮೂರನೇ ಕಂತು. 'ಸೂಪರ್ ಮಾರಿಯೋ 4' ಎಂಬುದರ ಒಳಗಿದ್ದದ್ದು ಉಂಡೆಯಾಗಿ ಉರುಳುವ ಆರ್ಮಡಿಲೋ ಎಂಬ ಚಿಪ್ಪಿನ ಪ್ರಾಣಿ. ನಿಂಟೆಂಡೋ ಕಂಪನಿ ಟಿವಿಗೆ ಜೋಡಿಸುವ ಈ ಆಟದ ಡಬ್ಬಕ್ಕೆಂದು ಮಾಡಿದ ಸೂಪರ್ ಮಾರಿಯೋ 1988ರಲ್ಲಿ ಮೂರಕ್ಕೇ ನಿಂತಿತ್ತು. ಅಲ್ಲಿಂದ ಮುಂದಿನ ಅಂಕಿ ಹೊತ್ತು ನಮ್ಮ ಜಾತ್ರೆಗಳಿಗೆ ಬಂದವರೆಲ್ಲ ವೇಷಧಾರಿಗಳೇ.

ವೇಷ ಹಾಕುವುದು ಇಷ್ಟು ಸಲೀಸಾದದ್ದು ಕ್ಯಾಸೆಟ್ಟಿನ ಕಟ್ಟೋಣದಿಂದಲೇ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ ಕೇವಲ 40 ಕಿಲೋಬೈಟ್. ಅದರಲ್ಲಿ 32 ಆಟದ ನಡೆಗೆ, 8 ಚಿತ್ರಕ್ಕೆ. ನಡೆಗೆ ಒಂದು ಚಿಪ್, ಚಿತ್ರಕ್ಕೆ ಇನ್ನೊಂದು. ಎಷ್ಟು ಎತ್ತರ ಜಿಗಿಯಬೇಕು, ಯಾರು ಮುಟ್ಟಿದರೆ ಸಾಯಬೇಕು ಎಂಬುದೆಲ್ಲ ಮೊದಲನೆಯದರಲ್ಲಿ. ಟೋಪಿ, ಮೀಸೆ, ಮೋಡ ಎಲ್ಲ ಎರಡನೆಯದರಲ್ಲಿ. ಬೇರೆ ಅನೇಕ ಆಟಗಳಲ್ಲೂ ಇದೇ ಏರ್ಪಾಡು. ಚಿತ್ರದ ಚಿಪ್ಪನ್ನು ತಿದ್ದಿದರೆ ಮೈ ಹಳೆಯದೇ ಉಳಿದು ಮುಖ ಹೊಸದಾಗುತ್ತದೆ.

ಆ ಮುಖವನ್ನೂ ಒಮ್ಮೆ ಹತ್ತಿರದಿಂದ ನೋಡಬೇಕು. ಚಿಕ್ಕ ಮಾರಿಯೋ ಎಂದರೆ 16 ಚುಕ್ಕಿ, 16 ಸಾಲಿನ ಒಂದು ರಂಗೋಲಿ. ತುಂಬಲು ಮೂರೇ ಬಣ್ಣ. 1981ರ 'ಡಾಂಕಿ ಕಾಂಗ್' ಆಟಕ್ಕಾಗಿ ಶಿಗೆರು ಮಿಯಾಮೊಟೊ ಇವನನ್ನು ಬರೆದಾಗ ಅಷ್ಟು ಕಡಿಮೆ ಚುಕ್ಕಿಯಲ್ಲಿ ಬಾಯಿ ಬರೆಯಲಾಗದೆ ಮೀಸೆ ಇಟ್ಟರು, ಕೂದಲು ಬರೆಯುವ ಕಷ್ಟ ತಪ್ಪಿಸಲು ಟೋಪಿ ಹಾಕಿದರು. ಅಂದರೆ ಮಾರಿಯೋ ಹುಟ್ಟಿದ್ದೇ ವೇಷವಾಗಿ. ಅದಕ್ಕೇ ಟೋಪಿ ಮೀಸೆ ಎರಡನ್ನು ಯಾರ ಹೆಗಲ ಮೇಲಿಟ್ಟರೂ ನಮ್ಮ ಕಣ್ಣು ಮಾರಿಯೋ ಎಂದೇ ಓದುತ್ತದೆ. ಅಸಲಿ ಆಟವೂ ಇದೇ ಉಪಾಯದಿಂದ ಬದುಕಿದೆ: ಅದರಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ.

ಈ ಜಾತಿಯ ಆಟಗಳಲ್ಲಿ ನನಗೆ ಇವತ್ತಿಗೂ ಪ್ರಿಯವಾದದ್ದು 'ಸೋಮಾರಿ'. ಕನ್ನಡದ ಕಿವಿಗೆ ಬೈಗುಳದಂತೆ ಕೇಳುವ ಈ ಹೆಸರಿನ ಒಳಗೆ ಸೋನಿಕ್ ಮತ್ತು ಮಾರಿಯೋ ಇಬ್ಬರೂ ಇದ್ದಾರೆ. 1994ರಲ್ಲಿ ತೈವಾನಿನ ಹಮ್ಮರ್ ಟೀಮ್ ಎಂಬ ತಂಡ ಸೆಗಾ ಕಂಪನಿಯ ಸೋನಿಕ್ ಆಟದ ಊರುಗಳನ್ನು ಈ ಬಡಪಾಯಿ ಡಬ್ಬಕ್ಕೆ ಇಳಿಸಿ, ಓಡಲು ಮಾರಿಯೋನನ್ನು ಬಿಟ್ಟಿತು. ಇಲ್ಲಿ ಕೆಲಸ ಮುಖ ಬದಲಿಸಿ ಮುಗಿಯಲಿಲ್ಲ, ಆಟವನ್ನೇ ಹೊಸದಾಗಿ ಕಟ್ಟಬೇಕಾಯಿತು. ಸೋನಿಕ್‌ನ ಯಂತ್ರ 16 ಬಿಟ್ಟಿನದು, ನಮ್ಮದು 8. ಇಳಿಜಾರಿನಲ್ಲಿ ಜಾರುವ ಗತ್ತು ಒಡೆದು ಒರಟಾಯಿತು. ಆದರೂ ಗೋಲ ದಾರಿಯಲ್ಲಿ ಮಾರಿಯೋ ತಲೆಕೆಳಗಾಗಿ ಓಡುವುದನ್ನು ಮೊದಲ ಸಲ ಕಂಡಾಗ ನಮ್ಮ ಗುಂಪು ಹಾಕಿದ ಕೇಕೆಗೆ ಪಕ್ಕದ ಮನೆಯ ಅಜ್ಜಿ ಎದ್ದು ಬಂದಿದ್ದಳು. ಆ ಕಾಲದಲ್ಲಿ ನಿಂಟೆಂಡೋ ಮತ್ತು ಸೆಗಾ ಬದ್ಧ ಎದುರಾಳಿಗಳು. ಇಬ್ಬರ ಒಪ್ಪಿಗೆಯಿಂದ ಮಾರಿಯೋ ಸೋನಿಕ್ ಒಂದೇ ಆಟದಲ್ಲಿ ಕಾಣಿಸಿಕೊಂಡದ್ದು 2007ರಲ್ಲಿ, ಒಲಿಂಪಿಕ್ಸ್ ಹೆಸರಿನ ಆಟದಲ್ಲಿ. ಕಂಪನಿಗಳು ಒಪ್ಪುವ ಹದಿಮೂರು ವರ್ಷ ಮೊದಲೇ ಕಳ್ಳಮಾಲಿನವರು ಬೀಗತನ ಮಾಡಿ ಮುಗಿಸಿದ್ದರು.

ದುಡ್ಡಿಗಾಗಿ ಮಾಡಿದ್ದು ಅದು. ಬರೀ ಪ್ರೀತಿಗಾಗಿ ಮಾಡಿದ್ದು ಸಿಕ್ಕಿದ್ದು 2010ರಲ್ಲಿ, ಹೊಸಪೇಟೆಯ ಒಂದು ಸೈಬರ್ ಕೆಫೆಯಲ್ಲಿ. ಜೇ ಪಾವ್ಲಿನಾ ಎಂಬಾತ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಕಟ್ಟಿದ 'ಸೂಪರ್ ಮಾರಿಯೋ ಬ್ರದರ್ಸ್ ಕ್ರಾಸ್‌ಓವರ್'. ಇಲ್ಲಿ ಲೆಕ್ಕ ತಿರುವುಮುರುವು. ಊರು ಮಾರಿಯೋನದೇ, ಇಟ್ಟಿಗೆ ಇಟ್ಟಿಗೆಯೂ ಪರಿಚಿತ. ಬರುವವರು ಪರವೂರಿನವರು, ಬೇರೆ ಆಟಗಳ ನಾಯಕರು: ಜೆಲ್ಡಾದ ಲಿಂಕ್, ಮೆಗಾ ಮ್ಯಾನ್, ಮೆಟ್ರಾಯ್ಡ್‌ನ ಸೇಮಸ್, ಕ್ಯಾಸಲ್‌ವೇನಿಯಾದ ಚಾವಟಿಯ ಸೈಮನ್, ನಮ್ಮ ಕಾಂಟ್ರಾದ ಬಿಲ್. ಪ್ರತಿಯೊಬ್ಬರೂ ತಮ್ಮ ನಡಿಗೆ, ತಮ್ಮ ಆಯುಧ, ಹಿನ್ನೆಲೆಗೆ ತಮ್ಮದೇ ಹಾಡು ಹೊತ್ತುಕೊಂಡು ಬರುತ್ತಾರೆ. 1-2ನೇ ಹಂತದ ನೆಲಮಾಳಿಗೆಯಲ್ಲಿ ದೊಡ್ಡ ಮಾರಿಯೋ ಬಗ್ಗಿ ಜಾರಿ ಒದ್ದಾಡುವ ಒಂದಿಟ್ಟಿಗೆ ಸಂದಿನಲ್ಲಿ ಸೇಮಸ್ ಗೋಲಿಯಾಗಿ ಸಲೀಸಾಗಿ ಉರುಳಿ ಹೋಗುತ್ತಾಳೆ. 3-1ರಲ್ಲಿ ಸುತ್ತಿಗೆ ಎಸೆದು ನಮ್ಮ ಎಷ್ಟೋ ರಜೆಗಳನ್ನು ಹಾಳುಮಾಡಿದ್ದ ಆ ಅಣ್ಣತಮ್ಮಂದಿರ ಮೇಲೆ ಬಿಲ್ ದೂರದಿಂದಲೇ ಗುಂಡು ಹಾರಿಸಿದಾಗ ನಾನು ಕುರ್ಚಿಯಲ್ಲಿ ಎದ್ದು ಕೂತೆ. "ಕಾಂಟ್ರಾದವನು ಮಾರಿಯೋದಾಗ ಬಂದಿದ್ರ ಏನಾಗ್ತಿತ್ತು" ಎಂದು ಕಡಪ ಕಲ್ಲಿನ ಮೇಲೆ ಕೂತು ಮಾಡಿದ್ದ ಜಗಳಕ್ಕೆ ಹತ್ತಾರು ವರ್ಷಗಳ ಮೇಲೆ ಯಾರೋ ಅಮೆರಿಕದವನು ಪಂಚಾಯ್ತಿ ಮಾಡಿದಂತಿತ್ತು.

ಈ ರುಚಿ ನಮಗೆ ಹೊಸದಾಗಿರಲಿಲ್ಲ. ನಮ್ಮ ತೊಗಲುಗೊಂಬೆ ಆಟದಲ್ಲಿ ಕಿಳ್ಳೇಕ್ಯಾತ ಇದ್ದಾನೆ. ಕೆದರಿದ ಕೂದಲು, ಮುಂದೆ ಬಂದ ತುಟಿ, ಜೊತೆಗೆ ಬಂಗಾರಕ್ಕ. ರಾಮಾಯಣವಿರಲಿ ಭಾರತವಿರಲಿ, ಪರದೆ ಹಿಂದಿನ ದೀಪದ ಬೆಳಕಿಗೆ ನೇರ ನುಗ್ಗಿ ನಮ್ಮೂರ ಮಾತಾಡಿ ನಗಿಸಿ ಹೋಗುತ್ತಾನೆ. ವಾಲ್ಮೀಕಿ ಅವನನ್ನು ಬರೆಯಲಿಲ್ಲ, ವ್ಯಾಸರೂ ಬರೆಯಲಿಲ್ಲ. ಆದರೂ ಅವನು ಬಂದಾಗ ಜನ ನಿದ್ದೆಯಿಂದೇಳುತ್ತಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅದೇ ತೊಗಲಿನಲ್ಲಿ ಗಾಂಧೀಜಿಯನ್ನು ಕೊರೆದು ಸ್ವಾತಂತ್ರ್ಯ ಹೋರಾಟದ ಕಥೆ ಆಡಿಸಿದರು. ಗೊತ್ತಿರುವ ಕಥೆಯೊಳಗೆ ಗೊತ್ತಿರುವ ಇನ್ನೊಬ್ಬ ಕಾಲಿಡುವಾಗ ಆಗುವ ಪುಳಕವನ್ನು ಈ ಸೀಮೆ ಟಿವಿ ಬರುವುದಕ್ಕೆ ಎಷ್ಟೋ ಮೊದಲಿಂದಲೇ ಬಲ್ಲದು.

ಅದರಲ್ಲಿ ಒಂದು ಷರತ್ತಿದೆ. ಎರಡು ಕಡೆಯೂ ಪರಿಚಯವಿರಬೇಕು. ರಾಮ ಯಾರೆಂದೇ ತಿಳಿಯದವನಿಗೆ ಕಿಳ್ಳೇಕ್ಯಾತನ ತಮಾಷೆ ಹತ್ತುವುದಿಲ್ಲ. 'ಮಾರಿಯೋ 16' ನಮಗೆ ಸಪ್ಪೆಯಾಗಿದ್ದೂ ಅದಕ್ಕೇ: ಮುಖ ಗೊತ್ತಿತ್ತು, ಮೈ ಯಾರದೆಂದು ಗೊತ್ತಿರಲಿಲ್ಲ. ಬಿಲ್‌ನನ್ನೂ ಬಲ್ಲೆವು, ಆ ಇಟ್ಟಿಗೆಗಳನ್ನೂ ಬಲ್ಲೆವು. ಹಾಗಾಗಿ ಕ್ರಾಸ್‌ಓವರ್ ರುಚಿಸಿತು.

2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತಿತು. ಅದರಲ್ಲಿ ಕಟ್ಟಿದ್ದ ಆಟಗಳನ್ನು ಫ್ಲ್ಯಾಶ್‌ಪಾಯಿಂಟ್, ರಫಲ್ ಎಂಬ ಸಾಧನಗಳ ಮೂಲಕ ಅಭಿಮಾನಿಗಳೇ ಕಾಪಾಡಿಕೊಂಡು ಬರುತ್ತಿದ್ದಾರೆ. ನಿಮ್ಮ ಮಕ್ಕಳಿಗೆ ತೋರಿಸುವ ಮನಸ್ಸಿದ್ದರೆ ಒಂದು ಮಾತು: ಮೊದಲು ಅಸಲಿ ಮಾರಿಯೋ ಆಡಿಸಿ, 3-1ರ ಸುತ್ತಿಗೆ ಏಟು ನಾಲ್ಕು ದಿನ ತಿನ್ನಲಿ. ಬಂದೂಕಿನ ಬಿಲ್‌ನನ್ನು ಆಮೇಲೆ ಕರೆಯಿರಿ.