ಬೆರಳಿಗೆ ತಿಳಿಯುವ ಎಳೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ನಡೆದುಬಂದಿರುವ ರೇಷ್ಮೆ ನೂಲು ಬಿಚ್ಚಾಣಿಕೆಯ, ಎಂದರೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಸೆರಿಸಿನ್ ಎಂಬ ಅಂಟು ಸಡಿಲಗೊಂಡ ಮೇಲೆ ಎಳೆಯ ತುದಿ ಹಿಡಿದು ಸುತ್ತುವ ಕಸುಬಿನ, ಸೊಗಸು ಇರುವುದು ಬೆರಳಿನ ಅರಿವಿನಲ್ಲಿ. ಉತ್ತಮ ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕಾಣುವ ತಳಿಯ, ಗೂಡೊಂದರಲ್ಲಿ ಸುಮಾರು 1,000 ಮೀಟರು ಉದ್ದದ ಒಂದೇ ಎಳೆ ಇರುತ್ತದೆ. ಅದು ತೀರ ನವಿರಾದುದರಿಂದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ನೂಲಾಗಿಸುತ್ತಾರೆ, ಹಾಗೂ ಒಂದು ಕಡಿದಾಗ ತಕ್ಷಣವೇ ಮತ್ತೊಂದನ್ನು ಸೇರಿಸದಿದ್ದರೆ ನೂಲಿನ ದಪ್ಪ ಏರುಪೇರಾಗುತ್ತದೆ.

ಡಿಜಿಟಲ್ ತಂತ್ರಜ್ಞಾನ ಈ ಕಸುಬನ್ನು ಗಾಢವಾಗಿ ಮುಟ್ಟಿದ್ದು ಬಿಸಿನೀರಿನ ತೊಟ್ಟಿಯ ಬಳಿಯಲ್ಲಲ್ಲ, ಗೂಡಿನ ಮಾರುಕಟ್ಟೆಯಲ್ಲಿ. ನೆರೆಯ ಶಿಡ್ಲಘಟ್ಟದ ಹಾಗೂ ದೂರದ ರಾಮನಗರದ ಸರ್ಕಾರಿ ಮಾರುಕಟ್ಟೆಗಳ ಇ-ಹರಾಜಿನಲ್ಲಿ ರೈತರ ಪ್ರತಿಯೊಂದು ಲಾಟಿಗೂ, ಅಂದರೆ ಮಾರಾಟಕ್ಕಿಟ್ಟ ಗೂಡಿನ ರಾಶಿಗೂ, ಸಂಖ್ಯೆ ದೊರೆಯುತ್ತದೆ. ನೂಲು ತೆಗೆಸುವ ರೀಲರುಗಳು ಮೊಬೈಲಿನಲ್ಲೇ ಬೆಲೆ ನಮೂದಿಸುತ್ತಾರೆ. ಹಿಂದಿನ ಕೂಗಾಟದ ಹರಾಜಿಗಿಂತ ಇದು ರೈತರಿಗೆ ಹೆಚ್ಚು ನ್ಯಾಯವಾದುದು. ಆದರೂ ಬೆಲೆ ಒತ್ತುವ ಮುನ್ನ ಗೂಡನ್ನು ಹಿಡಿದು, ಅಮುಕಿ, ಅಲುಗಾಡಿಸಿ ನೋಡುವ ಪದ್ಧತಿಯನ್ನು ಯಂತ್ರ ಕಿತ್ತುಕೊಂಡಿಲ್ಲ, ಮೆಚ್ಚಬೇಕಾದುದು ಇದನ್ನೇ.